ಹೊರಳಿ ನೋಡಬಾರದು

"ಅಕ್ಕಾ, ನೋಡ ನೋಡ, ಮತ್ತ ನಮ್ಮ ಮಾಳುನ ಕಾಲಾಗ ಚೆಂಡು!" ಎಂದು ಇಂದ್ರಾಬಾಯಿ ತೊಡೆ ತಟ್ಟಿದ ರಭಸಕ್ಕೆ ರಂಗವ್ವನ ಕೈಲಿದ್ದ ರೊಟ್ಟಿಯ ಮೇಲಿನ ಶೇಂಗಾ ಹಿಂಡಿ ಸೀರೆಯ ಮೇಲೆ ಚೆಲ್ಲಿತು.

ರಂಗವ್ವ ನೋಡಲಿಲ್ಲ. ಏನಿದೆ ನೋಡುವುದು? ಬಾಡಿಗೆಗೆ ಟಂಟಂ ಗಾಡಿ ಮಾಡಿಕೊಂಡು, ಎರಡು ಬುತ್ತಿ ರೊಟ್ಟಿ ಕಟ್ಟಿಕೊಂಡು, ಶಿರೂರಿನಿಂದ ಇಡೀ ಮನೆತನ ಬಾಗಲಕೋಟೆಯ ಈ ಮೈದಾನಕ್ಕೆ ಬಂದದ್ದೇ ನೆಗೆಣ್ಣಿ ಇಂದ್ರಾಬಾಯಿಯ ಮಗಳು ಮಾಳುವಿನ ಫುಟ್ಬಾಲ್ ನೋಡಲಿಕ್ಕೆ ಅನ್ನುವಂತಾಗಿತ್ತು. ತನ್ನ ಮಗಳು ಸವಿತಾ ಗೆರೆಯಾಚೆ ಬೆಂಚಿನ ಮೇಲೆ, ಜರ್ಸಿಯ ಮೇಲೊಂದು ಕೇಸರಿ ಬನಿಯನ್ ಏರಿಸಿಕೊಂಡು ಕೂತಿದ್ದಳು. ಹೆಚ್ಚುವರಿ ಹುಡುಗಿಯರ ಗುರುತು ಅದು. ಎರಡನೇ ದರ್ಜೆಯ ಲೀಗಿನಲ್ಲಿ ಆರು ಪಂದ್ಯ ಮುಗಿದಿದ್ದವು. ಒಂದರಲ್ಲೂ ಅವಳ ಬೂಟಿಗೆ ಚೆಂಡು ತಾಗಿರಲಿಲ್ಲ. ಇವತ್ತು ಇಳಕಲ್ಲಿನವರ ಮೇಲೆ ಕೊನೆಯ ಪಂದ್ಯ, ಅದೂ ಮುಗಿಯಲಿಕ್ಕೆ ಬಂದಿತ್ತು.

ಇಬ್ಬರೂ ಒಂದೇ ಅಂಗಳದಲ್ಲಿ ಒಂದೇ ಚೆಂಡು ಒದ್ದು ಬೆಳೆದವರು. ಈಗ ಒಬ್ಬಳಿಗೆ ಚಪ್ಪಾಳೆ, ಇನ್ನೊಬ್ಬಳಿಗೆ ನೀರಿನ ಬಾಟಲಿ ಕಾಯುವ ಕೆಲಸ. ರಂಗವ್ವನ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಧಗಧಗ ಉರಿಯುತ್ತಿತ್ತು.

"ಸವಿತಾನ್ನೂ ಎಂದಾರ ಒಂದಿನ ಇಳಸ್ತಾರ ತಗೋ ಅಕ್ಕಾ," ಇಂದ್ರಾಬಾಯಿ ರೊಟ್ಟಿ ಮುರಿಯುತ್ತ ಅಂದಳು. "ಎಲ್ಲಾರ ಕಾಲೂ ಒಂದೇ ಥರಾ ಇರ್ತಾವೇನ?"

ಅಬ್ಬಾ, ಈ ಮಾತಿನ ಸೊಕ್ಕೇ! 'ಒಮ್ಮ್ಯಾರ ಬೀಳಬಾರದೇನ ನಿನ್ನ ಮಗಳು' ಅಂದುಕೊಂಡಳು ರಂಗವ್ವ, ಮಾಳುವನ್ನೇ ದಿಟ್ಟಿಸುತ್ತ.

ಅನ್ನುವುದಕ್ಕೂ ಎದುರಾಳಿ ಹುಡುಗಿಯೊಬ್ಬಳು ಅಡ್ಡ ಬರುವುದಕ್ಕೂ ಸರಿಹೋಯಿತು. ಮಾಳು ಮುಗ್ಗರಿಸಿ ಬಿದ್ದಳು. ಇಬ್ಬರು ಅವಳನ್ನು ಎತ್ತಿಕೊಂಡು ಬಂದು ಗೆರೆಯ ಹೊರಗೆ ಮಲಗಿಸಿದರು. ಆಟ ಕಲಿಸುವ ಬಸಯ್ಯ ಮಾಸ್ತರರು ಅವಳ ಮೊಣಕಾಲಿಗೆ ನೀರು ಸುರಿಯುತ್ತಲೇ ಕೂಗಿದರು: "ಸವಿತಾ, ತಯಾರಾಗು! ಎರಡು ನಿಮಿಷ ನೋಡೂಣು. ಈಕಿ ಏಳಲಿಲ್ಲಂದ್ರ ನೀ ಇಳಿ."

ಸವಿತಾ ಕೇಸರಿ ಬನಿಯನ್ ಕಿತ್ತು ಬಿಸಾಕಿ ಗೆರೆಯ ಮೇಲೆ ಬಂದು ನಿಂತಳು. ನಿಂತಲ್ಲೇ ಕುಣಿಯುತ್ತಿದ್ದಳು ಹುಡುಗಿ.

ರಂಗವ್ವ ಹಿಗ್ಗಬೇಕಿತ್ತು. ಆದರೆ ಅವಳು ನೋಡಿದ್ದು ಮಲಗಿದ್ದ ಮಾಳುವಿನ ಕಡೆಗೆ. ನನ್ನ ಕಣ್ಣೇ ತಾಗೇತಿ, ದೇವರೇ ಬೀರಪ್ಪಾ, ನನ್ನ ಕಣ್ಣೇ! ಬುತ್ತಿಯಿಂದ ರೊಟ್ಟಿಯ ತುಣುಕು ತೆಗೆದು, ಉಪ್ಪು ಖಾರ ಸವರಿ, ಓಡಿದಳು. ಗೆರೆಯ ಹತ್ತಿರ ಬಂದಾಗ ಗುಡಿಯ ಮುಂದೆ ಬಿಡುವಂತೆ ಚಪ್ಪಲಿ ಬಿಟ್ಟಳು.

"ಯವ್ವಾ, ಇಲ್ಲಿ ಬರಬಾರದ್ರಿ!" ಮಾಸ್ತರರು ಅಡ್ಡ ಬಂದರು.

"ನೀವು ಸುಮ್ಮ ನಿಂದರ್ರಿ. ದೃಷ್ಟಿ ಆಗೇತಿ ಕೂಸಿಗೆ."

ರೊಟ್ಟಿಯನ್ನು ಮಾಳುವಿನ ಸುತ್ತ ಮೂರು ಸಲ ನಿವಾಳಿಸಿದಳು. "ಹೋದವರ ಕಣ್ಣು, ಬಂದವರ ಕಣ್ಣು..." ಮುಂದೆ 'ಮನಿಯವರ ಕಣ್ಣು' ಅನ್ನಬೇಕು. ಆ ಕಣ್ಣು ತನ್ನದೇ. ಆದರೂ ಅಂದಳು.

ನೀರು ಹಿಡಿಯಿತೋ, ರೊಟ್ಟಿ ಹಿಡಿಯಿತೋ, ಮಾಳು ಎದ್ದು ಕೂತಳು. ಎದ್ದು ನಿಂತಳು. "ದೊಡ್ಡವ್ವಾ, ನೋವು ಕಡಿಮಿ ಆತ ನೋಡ!" ಎನ್ನುತ್ತ ಮೈದಾನಕ್ಕೆ ಓಡಿಯೇಬಿಟ್ಟಳು.

ಏದುಸಿರು ಬಿಡುತ್ತ ಬಂದ ಇಂದ್ರಾಬಾಯಿ ರಂಗವ್ವನ ತೋಳು ಹಿಡಿದುಕೊಂಡಳು. ಅವಳ ಕಣ್ಣು ತುಂಬಿದ್ದವು. "ಹಡದಾಕಿ ನಾ ಹೆದರಿ ಕುಂತಲ್ಲೇ ಕುಂತೆ. ನೀ ಓಡಿ ಬಂದಿ, ಅಕ್ಕಾ."

ರಂಗವ್ವ ತೋಳು ಬಿಡಿಸಿಕೊಂಡು ಕಾಂಪೌಂಡಿನತ್ತ ನಡೆದಳು. ರೊಟ್ಟಿಯನ್ನು ಗೋಡೆಯಾಚೆ ಎಸೆಯಬೇಕಿತ್ತು. ಎಸೆದ ಮೇಲೆ ಹೊರಳಿ ನೋಡಬಾರದು, ನೋಡಿದರೆ ತೆಗೆದ ದೃಷ್ಟಿ ಮತ್ತೆ ಬೆನ್ನು ಹತ್ತುತ್ತದೆ ಎಂದು ಅತ್ತೆ ಕಲಿಸಿದ್ದಳು.

"ಸವಿತಾ, ಇರಲಿ ಬಿಡವ್ವಾ, ಹೋಗಿ ಬೆಂಚಿನ ಮ್ಯಾಲ ಕೂಡು," ಹಿಂದೆ ಮಾಸ್ತರರ ದನಿ.

ರಂಗವ್ವ ರೊಟ್ಟಿ ಎಸೆದಳು. ಎಸೆದು, ಹೊರಳಿ ನೋಡಿದಳು.

ಸವಿತಾ ಬೆಂಚಿನ ಹತ್ತಿರ ನಿಂತು ಕೇಸರಿ ಬನಿಯನ್ ಹಾಕಿಕೊಳ್ಳುತ್ತಿದ್ದಳು. ಎರಡೂ ತೋಳು ಹೊರಗೆ ಬಂದಿದ್ದವು. ಮುಖ ಮಾತ್ರ ಬಹಳ ಹೊತ್ತು ಹೊರಗೆ ಬರಲಿಲ್ಲ.