ಡಿಕ್ಕಿಯೊಳಗಿನ ಸದ್ದು

ಮಹದೇವಮ್ಮನ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಬಗೆಯ ಕೆಲಸ: ಮಠದವರು ಮೆಚ್ಚುವಂಥದ್ದು, ಮಿಕ್ಕದ್ದು. ಕಾರುಗಳಿಗೆ ಸ್ಪೀಕರು, ಆಂಪ್ಲಿಫೈಯರು ಕೂರಿಸುವುದು ಮಿಕ್ಕದ್ದರಲ್ಲೂ ಕಡೆಯದು. ಮಗ ಮಹಾಂತೇಶ ಮಠದ ಶಾಲೆಯಲ್ಲಿ ಮೇಷ್ಟ್ರಾಗಬೇಕೆಂದು ಆಸೆಪಟ್ಟವಳು, ಕೇಳಿದವರಿಗೆಲ್ಲ ‘ಡಬ್ಬ ಬಡೀತಾನೆ’ ಎನ್ನುತ್ತಿದ್ದಳು. ಶ್ರೀರಾಂಪುರದಲ್ಲಿ ಅವನು ಅಂಗಡಿ ತೆರೆದು ಎರಡು ವರ್ಷವಾದರೂ ಅವಳು ಒಳಗೆ ಕಾಲಿಟ್ಟಿರಲಿಲ್ಲ. ಮಧ್ಯಾಹ್ನ ಬುತ್ತಿ ತಂದು ಹೊರಗಿನ ಬೆಂಚಿನ ಮೇಲಿಟ್ಟು ಹೊರಟುಬಿಡುತ್ತಿದ್ದಳು. ಮಹಾಂತೇಶನಿಗೆ ಮೂವತ್ತು ದಾಟಿತ್ತು. ಆದರೂ ಅವ್ವನ ಬಾಯಿಂದ ತನ್ನ ಕೆಲಸದ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಕೇಳುವ ಆಸೆ ಹೋಗಿರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಬೋಗಾದಿಯ ಪುನೀತ್ ತನ್ನ ಹೊಸ ಕಾರನ್ನು ತಂದು ನಿಲ್ಲಿಸಿದ.

“ಅಣ್ಣ, ಸೌಂಡು ಬೆನ್ನಿಗೆ ಗುದ್ದಿದಂಗಿರ್ಬೇಕು. ಚೆನ್ನಾಗಿ ಬಂದ್ರೆ ನಮ್ ಹುಡುಗ್ರ ಗಾಡಿ ಎಲ್ಲಾ ನಿಮ್ ಹತ್ರಾನೇ. ಇಲ್ದಿದ್ರೆ ಬೆಂಗ್ಳೂರಿಗೆ ತಗೊಂಡೋಯ್ತೀನಿ.”

ಗುಮ್ಮೆನ್ನುವ ದೊಡ್ಡ ಸ್ಪೀಕರು, ಅದೇ ಸಬ್‌ವೂಫರಿನ ಪೆಟ್ಟಿಗೆಯನ್ನು ಮಹಾಂತೇಶ ಕೈಯಾರೆ ಮಾಡಿದ. ದಪ್ಪ ಹಲಗೆ, ಸಂದು ಸಂದಿಗೂ ಗೋಂದು, ಗಾಳಿಯಾಡಲು ಮುಂಭಾಗದಲ್ಲಿ ಅಂಗೈಯಗಲದ ಕಿಂಡಿ. ಸ್ಪೀಕರು ಕೂರಿಸಿದ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿಟ್ಟು, ಬ್ಯಾಟರಿಯಿಂದ ಅಲ್ಲಿಯ ತನಕ ಕಾರ್ಪೆಟ್ಟಿನ ಕೆಳಗೆ ವೈರು ಎಳೆದು, ಅಂಗಡಿ ನೋಡಿಕೊಳ್ಳಲು ಪಕ್ಕದ ಟೀ ಅಂಗಡಿಯ ಸಣ್ಣಮಾದಯ್ಯನಿಗೆ ಹೇಳಿ, ಫ್ಯೂಸು ತರಲು ಪೇಟೆಗೆ ಹೋದ. ಬರುವಷ್ಟರಲ್ಲಿ ಬುತ್ತಿ ಬೆಂಚಿನ ಮೇಲಿತ್ತು. ಉಂಡು, ಫ್ಯೂಸು ಹಾಕಿ, ಹಾಡು ಹಚ್ಚಿದ.

ಗುಮ್ ಎಂದು ಬಂತು. ಅದರ ಬೆನ್ನಿಗೇ ಗಿರ್ರ್ ಎಂದು ಇನ್ನೊಂದು ಸದ್ದೂ ಬಂತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಹಾಂತೇಶನೂ ಮೊದಲು ಕಾರನ್ನೇ ದೂರಿದ. ನಂಬರ್ ಪ್ಲೇಟು ಬಿಗಿ ಮಾಡಿದ. ಜಾಕು, ಸ್ಪ್ಯಾನರು, ಸ್ಟೆಪ್ನಿ ಎಲ್ಲ ಹೊರಗಿಟ್ಟ. ಆಂಪ್ಲಿಫೈಯರಿನ ಜೋರು ಇಳಿಸಿದ. ಗಿರ್ರ್ ಮಾತ್ರ ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ಸಂಜೆ ಬಂದ ಪುನೀತನಿಗೂ ಅದು ಕೇಳಿಸಿತು.

“ಬೆಳಿಗ್ಗೆ ಬರ್ತೀನಣ್ಣ. ಆಗ್ಲೂ ಹಿಂಗೇ ಇದ್ರೆ ಬೇಜಾರ್ ಮಾಡ್ಕೋಬೇಡಿ.”

ಇನ್ನು ಉಳಿದದ್ದು ಪೆಟ್ಟಿಗೆಯೊಂದೇ. ತನ್ನ ಹಲಗೆಯ ಸಂದೇ ಬಿಟ್ಟಿದೆ ಎಂದು ಅವನಿಗೆ ಖಾತ್ರಿಯಾಯಿತು. ಅವ್ವ ಹೇಳುವುದೇ ನಿಜವಿರಬೇಕು, ತನಗೆ ಬರುವುದು ಬರೀ ಡಬ್ಬ ಬಡಿಯುವುದು ಅನ್ನಿಸಿ ತುಂಬಾ ನಾಚಿಕೆಯಾಯಿತು.

ಬೆಳಿಗ್ಗೆ ಬೇಗನೆ ಬಂದು ಸ್ಕ್ರೂ ಬಿಚ್ಚಿ ಸ್ಪೀಕರನ್ನು ಹೊರಗೆಳೆದ. ಸಂದುಗಳೆಲ್ಲ ಗಟ್ಟಿಯಾಗಿದ್ದವು. ತಳದಲ್ಲಿ ಒಂದು ರೂಪಾಯಿಯ ನಾಣ್ಯ ಬಿದ್ದಿತ್ತು. ಅದರ ಜೊತೆಗೆ ಒಂದು ಬಿಲ್ವಪತ್ರೆ. ಕಿಂಡಿಯ ಅಂಚಿನಲ್ಲಿ ಅವನು ಮರದ ಪುಡಿಯೆಂದುಕೊಂಡಿದ್ದ ಬಿಳುಪು, ನೋಡಿದರೆ ಮೂರು ಬೆರಳಿನ ವಿಭೂತಿ.

ಟೀ ಅಂಗಡಿಗೆ ಹೋಗಿ ವಿಚಾರಿಸಿದ.

“ನಿಮ್ಮವ್ವಾರೇ ಬಂದಿದ್ರು ಕಣಪ್ಪ, ನೀನು ಪೇಟೆಗೆ ಹೋಗಿದ್ದಾಗ. ಒಳಗೆ ಹೋಗಿ ಬಾಳ ಹೊತ್ತು ನೋಡ್ತಾ ನಿಂತಿದ್ರು,” ಎಂದ ಸಣ್ಣಮಾದಯ್ಯ.

ನಿನ್ನೆಯಿಂದ ಮಹಾಂತೇಶ ಬೈದುಕೊಂಡದ್ದು ಅವ್ವನ ಹಾರೈಕೆಯನ್ನು. ನಾಣ್ಯವನ್ನು ಜೇಬಿಗೆ ಹಾಕಲು ಹೋದವನು ತಡೆದುಕೊಂಡ. ಕೊಟ್ಟದ್ದು ಪೆಟ್ಟಿಗೆಗೆ, ತನಗಲ್ಲ. ಹಲಗೆಗೆ ಗೋಂದು ಹಚ್ಚಿ ನಾಣ್ಯವನ್ನು ಅಲ್ಲೇ ಅಂಟಿಸಿ, ಸ್ಕ್ರೂ ಬಿಗಿದ. ಪುನೀತ್ ಬಂದು ಹಾಡು ಕೇಳಿದ, ತಲೆದೂಗಿದ, ಸಂಜೆಗೇ ಗೆಳೆಯನ ಗಾಡಿ ತರುತ್ತೇನೆಂದು ಹೊರಟ.

ಮಧ್ಯಾಹ್ನ ಅವ್ವ ಬುತ್ತಿಯನ್ನು ಬೆಂಚಿನ ಮೇಲಿಡುವಾಗ ಮಹಾಂತೇಶ ಎದುರಿಗೇ ನಿಂತಿದ್ದ.

“ಅವ್ವ, ಆ ಪೆಟ್ಟಿಗೆ ಒಳಗೆ ಕಾಸು ಹಾಕಿದ್ಯಾ?”

“ಮತ್ತೆ? ಮನೆ ಕಟ್ಟೋವಾಗ ಬಾಗ್ಲಡಿಗೆ ಕಾಸು ಇಡಲ್ವಾ? ನಿಂಗೋ ಪೂಜೆನೂ ಇಲ್ಲ, ಪುನಸ್ಕಾರನೂ ಇಲ್ಲ. ಅಷ್ಟು ಚೆಂದಾಗಿ ಮಾಡಿರೋದನ್ನ ಬರಿದಾಗಿ ಹಂಗೇ ಬುಡಕ್ಕಾಯ್ತದಾ?”

“ಅದು ಸದ್ದು ಮಾಡ್ತು ಕಣವ್ವ.”

“ಊರೆಲ್ಲಾ ನಡುಗ್ಸೋನಿಗೆ ಒಂದು ಕಾಸಿನ ಸದ್ದು ತಡ್ಕೊಳಕ್ಕಾಗ್ಲಿಲ್ವಾ?”

ಮಹಾಂತೇಶ ನಗಲಿಲ್ಲ. ಅವನ ಕಿವಿ ಇನ್ನೂ ಹಿಂದಿನ ಮಾತಿನಲ್ಲೇ ನಿಂತಿತ್ತು.

“ಏನಂದೆ ಅವ್ವ? ಹೆಂಗೆ ಮಾಡಿದೀನಿ ಅಂದೆ?”

ಕೇಳಿಸಿತ್ತು. ಇನ್ನೊಂದು ಸಲ ಕೇಳಬೇಕಿತ್ತು, ಅಷ್ಟೆ.

ಮಹದೇವಮ್ಮ ಸೆರಗು ಸರಿಮಾಡಿಕೊಂಡಳು. “ನೋಡು, ಆಗ್ಲೇ ಕಿವಿ ಹೋಯ್ತು. ಇದ್ಕೇ ಕಣೋ ನಾನು ಹೇಳೋದು, ಆ ಡಬ್ಬ ಬಡೀಬೇಡ ಅಂತ.”