ಗುಂಡಜ್ಜಿಯ ಹೊಟ್ಟೆಯ ಬಿರುಕು

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ದೊಡ್ಡ ಒತ್ತಡದ ಪಾತ್ರೆಗೆ ಕೆಲಸದವರು ಇಟ್ಟ ಹೆಸರು ಗುಂಡಜ್ಜಿ. ಸೋಮವಾರ ಬೆಳಗಿನ ಬಿಡುವಿನಲ್ಲಿ ಗುಂಡಜ್ಜಿಯ ಹೊಟ್ಟೆ ಸೀಳಿ, ಎದುರಿನ ಗೋಡೆ ಉರುಳಿತು. ಪುಣ್ಯಕ್ಕೆ ಯಾರ ಮೈಗೂ ಏಟಾಗಲಿಲ್ಲ. ಏಟು ಬಿದ್ದಿದ್ದು ಅದನ್ನು ನಡೆಸುವ ಆಪರೇಟರನ ಅನ್ನಕ್ಕೆ. ತೂಕಡಿಸುತ್ತ ಒತ್ತಡ ಏರಲು ಬಿಟ್ಟ ಎಂದು ಮ್ಯಾನೇಜರ್ ಅವನನ್ನು ಮನೆಗೆ ಕಳಿಸಿದ್ದರು. ತನಿಖೆಯ ವರದಿಯೂ ಅದನ್ನೇ ಹೇಳಿದರೆ ಇಪ್ಪತ್ತೆರಡು ವರ್ಷದ ಕೆಲಸ ಹೋದಂತೆಯೇ.

ಗುರುವಾರ ತನಿಖೆಗೆ ಬಂದ ಲೋಹತಜ್ಞೆ ಮೊದಲು, ಹೆಚ್ಚಾದ ಒತ್ತಡವನ್ನು ಹೊರಬಿಡುವ ಸೇಫ್ಟಿ ವಾಲ್ವ್ ಬಿಚ್ಚಿಸಿ ಪರೀಕ್ಷಿಸಿದಳು. ಎಷ್ಟು ಒತ್ತಡಕ್ಕೆ ತೆರೆಯಬೇಕೋ ಅಷ್ಟಕ್ಕೇ ತೆರೆಯಿತು. ಅಂದರೆ ಒತ್ತಡ ಮಿತಿ ದಾಟುವ ಹಾಗೇ ಇರಲಿಲ್ಲ. ಹಾಗಾದರೆ ಅಜ್ಜಿ ಸೀಳಿದ್ದೇಕೆ? ಅವಳಿಗೆ ಕುತೂಹಲ ತಡೆಯಲಾಗಲಿಲ್ಲ.

ಮಸೂರ ಹಿಡಿದು ಸೀಳಿನ ಅಂಚಿನುದ್ದಕ್ಕೂ ಕುಕ್ಕರುಗಾಲಲ್ಲೇ ಸರಿದಳು. ಮುರಿದ ಮೈಮೇಲೆ ಮೀನಿನ ಮುಳ್ಳಿನಂಥ ಗೆರೆಗಳು. ಅವುಗಳ ಮೊನೆ ಯಾವಾಗಲೂ ಮುರಿತ ಶುರುವಾದ ಕಡೆಗೇ ತೋರಿಸುತ್ತದೆ. ಎರಡೂ ಬದಿಯ ಗೆರೆಗಳು ಒಂದೇ ಜಾಗಕ್ಕೆ ಬೆರಳು ಮಾಡುತ್ತಿದ್ದವು. ಅಲ್ಲಿ ಉಗುರಗಲ ತುಕ್ಕು. ಮೂರು ದಿನದ ಮುರಿತಕ್ಕೆ ಇಷ್ಟು ದಪ್ಪ ತುಕ್ಕು ಹಿಡಿಯುವುದಿಲ್ಲ. ಇದು ಹಳೆಯ ಬಿರುಕು. ಅದಕ್ಕಂಟಿಕೊಂಡೇ, ಪಾತ್ರೆಯ ನಕ್ಷೆಯಲ್ಲಿಲ್ಲದ ಒಂದು ಕಬ್ಬಿಣದ ಹಲಗೆ.

"ಇದೇನಣ್ಣ?"

ಪಕ್ಕದಲ್ಲಿದ್ದ ಫಿಟ್ಟರ್ ಕತ್ತು ಕೆರೆದುಕೊಂಡ. "ಅದಾ ಮೇಡಂ, ಊಟದ ಡಬ್ಬಿ ಬೆಚ್ಚಗಿರ್ಲಿ ಅಂತ. ಹೋದ ವರ್ಷ ನಾನೇ ವೆಲ್ಡ್ ಮಾಡಿದ್ದು. ಐದು ನಿಮಿಷದ ಕೆಲಸ."

"ವೆಲ್ಡ್ ಮಾಡೋ ಮೊದಲು ಪಾತ್ರೆ ಬಿಸಿ ಮಾಡಿಕೊಂಡಿದ್ರಾ?"

"ಡಬ್ಬಿ ಇಡೋ ಹಲಗೆಗೆ ಅಷ್ಟೆಲ್ಲಾ ಯಾರು ಮಾಡ್ತಾರೆ ಮೇಡಂ?"

"ತಣ್ಣಗಿರೋ ದಪ್ಪ ಉಕ್ಕಿಗೆ ವೆಲ್ಡ್ ಮಾಡಿದ್ದಕ್ಕೇ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಒತ್ತಡ ಏರಿ ಇಳಿದಾಗಲೆಲ್ಲ ಇಷ್ಟಿಷ್ಟೇ ಬೆಳೆದಿದೆ."

ಫಿಟ್ಟರನ ಮುಖ ಸಪ್ಪಗಾಯಿತು.

ಅಷ್ಟರಲ್ಲಿ ಬಂದ ಮ್ಯಾನೇಜರ್ ವಿಷಯ ಕೇಳಿ ಅವನ ಮೇಲೆ ರೇಗಿದರು. "ನನ್ನನ್ನ ಒಂದು ಮಾತು ಕೇಳಬಾರದಿತ್ತೇನಯ್ಯಾ?"

"ಹಲಗೇಲಿ ಬಲಗಡೆ ಮೂಲೆ ನಿಮ್ಮ ಡಬ್ಬಿಗೇ ಅಲ್ವಾ ಸಾರ್ ಬಿಟ್ಟಿದ್ದು?"

ಮ್ಯಾನೇಜರ್ ಕನ್ನಡಕ ತೆಗೆದು ಒರೆಸತೊಡಗಿದರು.

ಲೋಹತಜ್ಞೆ ಅಲ್ಲಿಂದಲೇ ಆಪರೇಟರಿಗೆ ಫೋನ್ ಮಾಡಿ ವಿಷಯ ತಿಳಿಸಿದಳು.

"ನಾನು ತೂಕಡಿಸಿರಲಿಲ್ಲ ಅಂತ ಬರೀತೀರಾ ಮೇಡಂ?"

"ನಿಮ್ಮ ನಿದ್ದೆ ವಿಚಾರ ನನಗೆ ಗೊತ್ತಿಲ್ಲ ಅಣ್ಣ. ಕಬ್ಬಿಣ ಹೇಳಿದ್ದಷ್ಟೇ ಬರೀತೀನಿ. ಒತ್ತಡ ಮಿತಿಯಲ್ಲೇ ಇತ್ತು, ತಪ್ಪು ನಿಮ್ಮದಲ್ಲ."

"ಹಂಗಾದ್ರೆ ನಾಳೆ ಕೆಲಸಕ್ಕೆ ಬರ್ಲಾ?"

ಅವಳು ಫೋನನ್ನು ಮ್ಯಾನೇಜರ ಕೈಗಿತ್ತಳು. ಅವರು ಕನ್ನಡಕ ಮತ್ತೆ ಏರಿಸಿಕೊಂಡು, "ಬಾರಪ್ಪಾ," ಎಂದರು. "ಮೊದಲನೇ ಪಾಳಿಗೇ ಬಾ."