ಹೊಳಿ ನೀರು

ನಮ್ಮ ಜೀಪು ನವನಗರದ ಕಚೇರಿ ಬಿಡುವ ಮೊದಲೇ ಅದರ ಸುದ್ದಿ ಸಕ್ಕರೆ ಕಾರ್ಖಾನೆ ಮುಟ್ಟಿರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ, ಮಲಪ್ರಭೆಯ ನೀರು ಹಿಡಿದು ಪರೀಕ್ಷೆಗೆ ಕೊಡುವುದು ನನ್ನ ಕೆಲಸ. ನಾನು ಹೋಗಿ ನಿಂತಾಗಲೆಲ್ಲ ಹೊಳೆ ಚೊಕ್ಕ. ಜೀಪು ತಿರುಗಿದರೆ ಸಾಕು, ಕಾರ್ಖಾನೆಯವರು ಕಪ್ಪು ರಾಡಿ ಬಿಡುತ್ತಾರೆ, ಮೀನು ಸತ್ತು ತೇಲುತ್ತವೆ. ಕಳ್ಳನಿಗೆ ತಿಳಿಸಿ ಕಾವಲು ಕೂತ ಹಾಗಿದೆ ನಮ್ಮ ತಪಾಸಣೆ.

ಕೂಡಲಸಂಗಮದ ಮೇಲ್ಗಡೆ ಮೀನು ಹಿಡಿಯುವ ದುರಗಪ್ಪ ಈ ಸಲ ನನ್ನನ್ನು ತಡೆದು ನಿಲ್ಲಿಸಿದ. ನೀರು ಕೆಟ್ಟಿದೆ ಎಂದು ವರದಿ ಬಂದರೆ ರಾಡಿ ನಿಂತೀತು, ಇಲ್ಲದಿದ್ದರೆ ಹರಗೋಲು ಮಾರಿ ಗೋವಾಕ್ಕೆ ದುಡಿಯಲು ಹೋಗುವುದೇ ಗತಿ ಎಂದ. ನಾನೂ ರೊಚ್ಚಿಗೆದ್ದಿದ್ದೆ. ಮುಚ್ಚಳ ಬಿಗಿಯಾದ, ಒಳಗಿನದು ಕಾಣದ ಬಿಳಿ ಡಬ್ಬಿಯೊಂದನ್ನು ಅವನ ಹೆಂಡತಿ ಚಂದವ್ವನ ಕೈಗಿಟ್ಟೆ.

“ರಾಡಿ ಬಂತಂದ್ರ ಹೊಳಿ ನೀರು ತುಂಬಿಡವಾ,” ಎಂದೆ. ಆಕೆ ತಲೆಯಾಡಿಸಿದಳು.

ಕೆಲವೇ ದಿನಗಳಲ್ಲಿ ರಾಡಿ ಬಂತು, ಡಬ್ಬಿ ತುಂಬಿತು. ತುಂಬಿದ ಮೇಲೆ ಮುಚ್ಚಳ ತೆಗೆಯುವ ಹಕ್ಕು ಪ್ರಯೋಗಾಲಯದವರಿಗೆ ಮಾತ್ರ. ನಾನೇ ಹೋಗಿ ತಂದು ಅವರಿಗೆ ಒಪ್ಪಿಸಿದೆ.

ನೀರು ಉತ್ತಮವಾಗಿದೆ ಎಂದು ವರದಿ ಬಂತು. ಸಾಹೇಬರು ಕಾರ್ಖಾನೆಯ ಫೈಲು ಮುಚ್ಚಿದರು. ಇನ್ನೊಮ್ಮೆ ಹಿಡಿಯೋಣ ಎಂದು ಗೋಗರೆದೆ. ಕಬ್ಬು ನುರಿಸುವ ಹಂಗಾಮು ಮುಗಿಯಿತಲ್ಲ, ಮುಂದಿನ ವರ್ಷ ನೋಡೋಣ ಎಂದರು.

ಸಿಟ್ಟಿನಲ್ಲೇ ಚಂದವ್ವನ ಮನೆಗೆ ಹೋದೆ. ಎಲ್ಲಿಯ ನೀರು ತುಂಬಿದ್ದೆಂದು ಕೇಳಿದರೆ, ಹೊಳೆಯ ಉಸುಕಿನಲ್ಲಿ ತೋಡಿದ ಒರತೆಯದು ಎಂದಳು. ರಾಡಿಯ ವಾಸನೆ ಬಂದೊಡನೆ ಊರಿನ ಹೆಂಗಸರೆಲ್ಲ ಕೊಡ ಹಿಡಿದು ಅಲ್ಲಿಗೆ ಓಡುತ್ತಾರೆ, ಒರತೆ ಕೆಡುವ ಮೊದಲು ಚಿಪ್ಪಿನಿಂದ ತಿಳಿನೀರು ಮೊಗೆದು ತುಂಬಿಡುತ್ತಾರೆ. ಅವರ ಬಾಯಲ್ಲಿ ಹೊಳಿ ನೀರೆಂದರೆ ಅದೇ. ಕಪ್ಪಗೆ ಹರಿಯುವುದನ್ನು ಅಲ್ಲಿ ಯಾರೂ ನೀರು ಎನ್ನುವುದಿಲ್ಲ.

ಯಾರನ್ನು ಬೈಯಬೇಕೆಂದು ತಿಳಿಯದೆ ನನಗೆ ಅಳು ಬಂತು. ಆಗಿದ್ದನ್ನು ಬಿಡಿಸಿ ಹೇಳಿದೆ. ದುರಗಪ್ಪ ಎದ್ದು, ಹರಗೋಲು ಕೊಳ್ಳುತ್ತೇನೆಂದು ಕೇಳಿದ್ದವನಿಗೆ ಫೋನು ಹಚ್ಚಿದ. ಚಂದವ್ವ ನನ್ನ ಕಡೆ ತಿರುಗಿದಳು.

“ಅವತ್ತ ನಮಗ ಸಿಕ್ಕಿದ್ದು ಒಂದ ಕೊಡ ನೀರ್ರಿ, ಅಕ್ಕಾರ,” ಎಂದಳು. “ಮನ್ಯಾಗ ಕುಡಿಯಾಕ ಸಾಲಲಿಲ್ಲ. ಆದ್ರೂ ಮೊದಲ ನಿಮ್ಮ ಡಬ್ಬಿ ತುಂಬಿದ್ನಿರಿ.”